ಕೈದೀವಿಗೆಯ ಕೀಲಿ

ಬೆಂಗಳೂರಿನ ಬೆಳಕಿನ ಕಥೆಯನ್ನು ಬರೆದವರು ಬಹುಮಟ್ಟಿಗೆ ಅದನ್ನು ಸರ್ಕಾರದ ಬೆಳಕಿನ ಕಥೆಯನ್ನಾಗಿಯೇ ಬರೆದಿದ್ದಾರೆ. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯ ರಭಸವನ್ನು ವಿದ್ಯುಚ್ಛಕ್ತಿಯನ್ನಾಗಿ ಪರಿವರ್ತಿಸಿ, 1902ನೆಯ ಇಸವಿಯ ಜೂನ್ 30ರಂದು 92 ಮೈಲಿಗಳ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿದ ಸಾಹಸವೂ, ಆ ಯೋಜನೆಯ ಬೆನ್ನೆಲುಬಾಗಿದ್ದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದರ ಫಲವನ್ನು ಕಣ್ಣಾರೆ ಕಾಣದೆ 1901ರಲ್ಲಿಯೇ ತೀರಿಕೊಂಡುದೂ, ಅನಂತರ 1905ರ ಆಗಸ್ಟ್ 5ರಂದು, ಈಗ ಕೃಷ್ಣರಾಜೇಂದ್ರ ಮಾರುಕಟ್ಟೆಯಿರುವ ಪ್ರದೇಶದ ಸುತ್ತಿನಲ್ಲಿ ನಗರದ ಮೊದಲ ವಿದ್ಯುದ್ದೀಪಗಳು ಬೆಳಗಿದುದೂ ಪಾಠಪುಸ್ತಕಗಳಿಗೆ ಸಂದ ಸಂಗತಿಗಳು. ಏಷ್ಯಾಖಂಡದಲ್ಲಿಯೇ ಬೀದಿಗೆ ವಿದ್ಯುದ್ದೀಪವನ್ನು ಪಡೆದ ಮೊದಲ ನಗರ ಬೆಂಗಳೂರು ಎಂದು ನಾವು ಹೇಳಿಕೊಳ್ಳುವುದುಂಟು. ಷಾಂಘೈ ನಗರದ ಬೀದಿಗಳಲ್ಲಿ 1882ರಲ್ಲಿಯೇ ವಿದ್ಯುದ್ದೀಪಗಳು ಉರಿದಿದ್ದುವೆಂಬುದನ್ನು ಬಲ್ಲವರು ಆ ಹೆಮ್ಮೆಯನ್ನು ಕೊಂಚ ತಗ್ಗಿದ ದನಿಯಲ್ಲಿ ಆಡುವುದೇ ಯುಕ್ತ. ಅದೇನೇ ಇರಲಿ, ಈ ದೀಪಗಳೆಲ್ಲವೂ ಬೀದಿಯವನ ಹಿಡಿತಕ್ಕೆ ಸಿಕ್ಕದ ದೀಪಗಳು. ಯಾವ ಹೊತ್ತಿಗೆ ಹೊತ್ತಬೇಕು, ಎಷ್ಟು ಪ್ರಖರವಾಗಿರಬೇಕು, ಯಾವಾಗ ಆರಬೇಕು ಎಂಬುದೆಲ್ಲ ಬೇರೆಡೆ ನಿಶ್ಚಯವಾಗುತ್ತಿತ್ತು. ದೀಪದ ಕೆಳಗೆ ನಡೆಯುವವನು ಅದಕ್ಕೆ ಒಡಂಬಡಬೇಕಾಗಿತ್ತು.

ಕೈಯಲ್ಲಿ ಹಿಡಿದು ನಡೆಯುವ ಬೆಳಕಿನ ಚರಿತ್ರೆ ಬೇರೆ. ಅದು ಕಡತಗಳಲ್ಲಿ ಇಲ್ಲ. ಅಟ್ಟಗಳ ಮೇಲೆ, ಗುಜರಿ ಅಂಗಡಿಗಳಲ್ಲಿ, ರಿಪೇರಿಯವರ ಪೆಟ್ಟಿಗೆಗಳಲ್ಲಿ ಚದುರಿಹೋಗಿದೆ. ಈ ಲೇಖನಕ್ಕೆ ವಸ್ತುವಾಗಿರುವುದು ಆ ಚರಿತ್ರೆಯ ಒಂದು ಎಳೆ ಮಾತ್ರ: ಬೆಳಕಿನ ಪ್ರಮಾಣವನ್ನು ಹಿಗ್ಗಿಸಿ ತಗ್ಗಿಸುವ ಅಧಿಕಾರ ಹಿಡಿದವನ ಕೈಯಲ್ಲಿ ಒಮ್ಮೆ ಇದ್ದು, ಬಳಿಕ ಕೈತಪ್ಪಿ, ಸುಮಾರು ಒಂದು ಶತಮಾನದ ತರುವಾಯ ಬೆರಳಗಲದ ಒಂದು ವಿದ್ಯುನ್ಮಂಡಲದ ರೂಪದಲ್ಲಿ ಹಿಂದಿರುಗಿ ಬಂದ ಬಗೆ.

ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಕ್ಕೆ ದೂಡಿದ ಮೇಲೆ ದಕ್ಷಿಣಕ್ಕೆ ಬಸವನಗುಡಿಯೂ ಉತ್ತರಕ್ಕೆ ಮಲ್ಲೇಶ್ವರವೂ ಬೆಳೆದುವು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿತ್ತಿಲಲ್ಲಿ ಬಾವಿ, ಬಾವಿಯಿಂದಾಚೆಗೆ ಕಕ್ಕಸು, ಅದರಾಚೆಗೆ ಬರಿಯ ಕತ್ತಲು: ಹೊಸ ಬಡಾವಣೆಗಳ ಆರೋಗ್ಯಕರ ವೈಶಾಲ್ಯವೇ ರಾತ್ರಿಯ ಹೊತ್ತು ಒಂದು ತೊಡಕಾಗಿ, ಕೈಯಲ್ಲಿ ದೀಪವಿಲ್ಲದೆ ಮನೆಯ ಆವರಣದೊಳಗೇ ಓಡಾಡುವುದು ಕಷ್ಟವೆನಿಸುವಂತಾಯಿತು. ವಿದ್ಯುತ್ತು ಬೀದಿಗೆ ಬಂದೊಡನೆ ಮನೆಗೆ ಬಂದಿತೆಂದು ಭಾವಿಸಬಾರದು. ಅನುಕೂಲಸ್ಥರ ಮನೆಗೆ ಮೊದಲು, ಉಳಿದವರ ಮನೆಗೆ ನಿಧಾನವಾಗಿ ಬಂದಿತು. ಬಂದ ಮನೆಯಲ್ಲಿಯೂ ಸೀಮೆಎಣ್ಣೆಯ ಲಾಂದ್ರ ಮೊಳೆಯಿಂದ ಇಳಿಯಲಿಲ್ಲ.

ಆ ಲಾಂದ್ರದ ಪಕ್ಕದಲ್ಲಿ ಒಂದು ಪುಟ್ಟ ಕೀಲಿಯಿರುತ್ತಿತ್ತು. ಅದರ ಕಡ್ಡಿಯ ತುದಿಯ ಹಲ್ಲುಗಾಲಿ ಬತ್ತಿಯನ್ನು ಕಚ್ಚಿ ಹಿಡಿದಿರುವುದರಿಂದ, ಬೆರಳುಗಳ ನಡುವೆ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬತ್ತಿ ಏರಿ ಜ್ವಾಲೆ ಹಿಗ್ಗುವುದು, ಹಿಂದಕ್ಕೆ ತಿರುಗಿಸಿದರೆ ಕುಗ್ಗುವುದು. ಹುಡುಗರು ಓದುವಾಗ ಒಂದಿಷ್ಟು ಏರಿಕೆ. ಹಜಾರದಲ್ಲಿ ಮಾತಿಗೆ ಕುಳಿತಾಗ ಅದಕ್ಕಿಂತ ಕಡಮೆ. ಮಲಗುವ ಹೊತ್ತಿಗೆ ಬಾಣಂತಿಯ ಕೋಣೆಯಲ್ಲಿಯೋ ರೋಗಿಯ ತಲೆದೆಸೆಯಲ್ಲಿಯೋ ಮಿಣುಕಾಗುವಷ್ಟು ಇಳಿಕೆ. ಅತಿಯಾಗಿ ಏರಿಸಿದರೆ ಚಿಮಣಿಗೆ ಮಸಿ ಹಿಡಿದು ಮರುದಿನ ಬೂದಿ ಹಾಕಿ ತಿಕ್ಕುವ ಕೆಲಸ ಮೈಮೇಲೆ ಬರುವುದಾದ್ದರಿಂದ ಮಿತವೆಂಬುದು ಯಾರೂ ಉಪದೇಶಿಸದೆಯೇ ಅಭ್ಯಾಸವಾಗುತ್ತಿತ್ತು. ಎಣ್ಣೆ ಎಷ್ಟು ಉಳಿದಿದೆ, ಬೆಳಗಿನವರೆಗೆ ಎಷ್ಟು ಗಂಟೆಗಳಿವೆ ಎಂಬುದನ್ನು ಅಂದಾಜು ಮಾಡಿ ಕೀಲಿಯನ್ನು ನಿಲ್ಲಿಸತಕ್ಕ ಗೃಹಿಣಿಯು, ಇಂದಿನ ಮಾತಿನಲ್ಲಿ ಹೇಳುವುದಾದರೆ, ಶಕ್ತಿಯ ಲೆಕ್ಕವನ್ನು ಪ್ರತಿ ಸಂಜೆಯೂ ಮಾಡುತ್ತಿದ್ದಳು.

ಪ್ಲೇಗಿನ ಆ ವರ್ಷಗಳಲ್ಲಿಯೇ ಭೂಮಿಯ ಇನ್ನೊಂದು ಬದಿಯಲ್ಲಿ ಲಾಂದ್ರದ ಪ್ರತಿಸ್ಪರ್ಧಿ ಹುಟ್ಟಿತು. ಜರ್ಮನಿಯ ಕಾರ್ಲ್ ಗಾಸ್ನರ್ 1886ರಲ್ಲಿ ಚೆಲ್ಲದ, ತುಳುಕದ ಒಣಕೋಶವನ್ನು ಸಿದ್ಧಪಡಿಸಿದ್ದ. 1899ರ ಜನವರಿ 10ರಂದು ಡೇವಿಡ್ ಮಿಸೆಲ್ ಎಂಬವನಿಗೆ, ಕೋಶಗಳನ್ನು ಕೊಳವೆಯೊಳಗೆ ಸಾಲಾಗಿ ಇರಿಸಿ ಮುಂತುದಿಯಲ್ಲಿ ಬಲ್ಬನ್ನೂ ಪ್ರತಿಫಲಕವನ್ನೂ ಕೂಡಿಸಿದ ಉಪಕರಣಕ್ಕಾಗಿ ಅಮೆರಿಕೆಯಲ್ಲಿ ಪೇಟೆಂಟು ದೊರೆಯಿತು. ಅದನ್ನು ಮಾರಾಟದ ವಸ್ತುವನ್ನಾಗಿ ಮಾಡಿದವನು ಕಾನ್ರಾಡ್ ಹ್ಯೂಬರ್ಟ್. ಆರಂಭದ ಕೈದೀವಿಗೆಗಳು ಇಂಗಾಲದ ತಂತುವಿನವು; ಕೋಶವೂ ದುರ್ಬಲ, ತಂತುವೂ ಹಸಿದದ್ದು; ಆದಕಾರಣ ಕ್ಷಣಹೊತ್ತು ಬೆಳಗಿಸಿ ವಿಶ್ರಾಂತಿ ಕೊಡಬೇಕಾಗಿತ್ತು. 1910ರ ಹೊತ್ತಿಗೆ ವಿಲಿಯಂ ಕೂಲಿಜ್ ಟಂಗ್‌ಸ್ಟನ್ನನ್ನು ನೂಲಿನಂತೆ ಎಳೆಯುವ ವಿಧಾನವನ್ನು ಸಾಧಿಸಿದ ಮೇಲೆ ಟಾರ್ಚು ನಿಜವಾಗಿ ನಡೆದಾಡುವವನ ಸಂಗಾತಿಯಾಯಿತು.

ಭಾರತದಲ್ಲಿ ಈ ವ್ಯಾಪಾರ ಬಹುಕಾಲ ಕಲ್ಕತ್ತೆಯ ಹಾದಿಯಾಗಿ ನಡೆಯಿತು. ಎವರೆಡಿ ಕಂಪೆನಿಯ ಭಾರತೀಯ ಶಾಖೆ 1934ರಲ್ಲಿ ನೋಂದಣಿಯಾಯಿತು. 1958ರಲ್ಲಿ ಲಕ್ನೋದಲ್ಲಿ ಟಾರ್ಚಿನ ಕಾರ್ಖಾನೆ ಆರಂಭವಾಯಿತು. ಅಲಹಾಬಾದಿನಿಂದ ಜೀಪ್ ಹೆಸರಿನ ಟಾರ್ಚುಗಳು ಬಂದುವು. ಹಿತ್ತಾಳೆಯ ಮೈಗೆ ನಿಕ್ಕಲಿನ ಲೇಪ, ಹಿಡಿತ ಜಾರದಂತೆ ಉದ್ದುದ್ದ ಗೀರು, ಜಾರುವ ಗುಂಡಿ, ಅದರ ಪಕ್ಕದಲ್ಲಿ ಒತ್ತಿದಾಗ ಮಾತ್ರ ಬೆಳಗುವ ಇನ್ನೊಂದು ಗುಂಡಿ, ಹಿಂಬದಿಯ ಮುಚ್ಚಳದಲ್ಲಿ ತೂಗುಹಾಕುವ ಬಳೆ: ಎರಡು ಸೆಲ್ಲಿನದು ಮನೆಗೆ, ಮೂರು ಸೆಲ್ಲಿನದು ತೋಟಕ್ಕೆ, ಐದು ಸೆಲ್ಲಿನದು ಜಮೀನ್ದಾರರಿಗೆ ಮತ್ತು ಪೊಲೀಸರಿಗೆ. ಮದುವೆಯಾದ ಅಳಿಯನಿಗೆ ಕೊಡುವ ವಸ್ತುಗಳ ಸಾಲಿನಲ್ಲಿ ಕೈಗಡಿಯಾರದ ಪಕ್ಕದಲ್ಲಿ ಟಾರ್ಚೂ ಇದ್ದ ಕಾಲವೊಂದಿತ್ತು. ಚಿತ್ರಮಂದಿರದಲ್ಲಿ ತಡವಾಗಿ ಬಂದವರಿಗೆ ಪೀಠ ತೋರಿಸುವವನ ಕೈಯಲ್ಲಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ದೊಣ್ಣೆ ಕುಟ್ಟಿಕೊಂಡು ಹೋಗುವ ಗೂರ್ಖನ ಕೈಯಲ್ಲಿ, ಗಂಟಲು ನೋಡುವ ವೈದ್ಯರ ಜೇಬಿನಲ್ಲಿ ಅದು ಅಧಿಕಾರದ ಒಂದು ಚಿಹ್ನೆಯೂ ಆಗಿತ್ತು.

ಆದರೆ ಈ ಹೊಸ ದೀಪಕ್ಕೆ ಕೀಲಿಯಿರಲಿಲ್ಲ. ಹೊತ್ತಿಸಬಹುದು, ಆರಿಸಬಹುದು, ನಡುವಣ ಸ್ಥಿತಿ ಯಾವುದೂ ಇಲ್ಲ. ಹೊಸ ಸೆಲ್ಲು ಹಾಕಿದ ದಿನ ಕಣ್ಣು ಕೋರೈಸುವ ಬಿಳುಪು, ವಾರ ಕಳೆಯುವಷ್ಟರಲ್ಲಿ ಹಳದಿ, ಕೊನೆಗೆ ತಂತುವಷ್ಟೇ ಕಾಣುವ ಕೆಂಪು: ಬೆಳಕಿನ ಪ್ರಮಾಣವನ್ನು ನಿಶ್ಚಯಿಸುತ್ತಿದ್ದುದು ಹಿಡಿದವನ ಇಚ್ಛೆಯಲ್ಲ, ಸತುವಿನ ಡಬ್ಬಿಯೊಳಗಿನ ರಾಸಾಯನಿಕ ಕ್ರಿಯೆಯ ಆಯುಸ್ಸು. ಬಿಸಿಲಿಗೆ ಸೆಲ್ಲುಗಳನ್ನು ಒಣಗಿಸಿ ಇನ್ನೆರಡು ದಿನ ದುಡಿಸಿಕೊಳ್ಳುವ ಉಪಾಯವನ್ನು ಅರಿಯದ ಮನೆ ಬಹುಶಃ ಕನ್ನಡನಾಡಿನಲ್ಲಿ ಇರಲಿಲ್ಲ.

ಇಲ್ಲಿ ರಿಪೇರಿಯವನ ಪ್ರವೇಶ. ಮಾರುಕಟ್ಟೆಯ ಸುತ್ತಿನ ಕಾಲುದಾರಿಗಳಲ್ಲಿ ಕೊಡೆ, ಬೀಗ, ಪಂಪ್ ಸ್ಟೌಗಳೊಡನೆ ಟಾರ್ಚನ್ನೂ ನೇರ್ಪಡಿಸುತ್ತಿದ್ದವರ ವಿದ್ಯೆಯನ್ನು ಕೀಳಾಗಿ ಎಣಿಸಬಾರದು. ಸೋರಿದ ಸೆಲ್ಲಿನ ಉಪ್ಪು ತಿಂದ ಸ್ಪ್ರಿಂಗನ್ನು ಉಪ್ಪುಕಾಗದದಿಂದ ಉಜ್ಜುವುದು, ಸ್ವಿಚ್ಚಿನ ಹಿತ್ತಾಳೆ ತಗಡನ್ನು ಬಾಗಿಸಿ ಮತ್ತೆ ಮೈಗೆ ತಾಗಿಸುವುದು, ಬಲ್ಬಿನ ತಳದ ಸವೆದ ಸೀಸದ ಬೊಟ್ಟಿಗೆ ಹೊಸ ಬೆಸುಗೆ ಇಡುವುದು ಎಲ್ಲರಿಗೂ ಬರುತ್ತಿದ್ದ ಕೆಲಸ. ಸೂಕ್ಷ್ಮವಾದುದು ಬಲ್ಬಿನ ಆಯ್ಕೆ. ಎರಡು ಸೆಲ್ಲಿನ ಟಾರ್ಚಿಗೆ 2.5 ವೋಲ್ಟು, 0.3 ಆಂಪಿಯರಿನ ಬಲ್ಬು ಶಾಸ್ತ್ರಸಮ್ಮತ. ಅದೇ ಟಾರ್ಚಿಗೆ ಮೂರು ಸೆಲ್ಲಿನ 3.8 ವೋಲ್ಟಿನ ಬಲ್ಬನ್ನು ಹಾಕಿದರೆ ಬೆಳಕು ಮಂದವಾಗಿ ಹಳದಿಯಾಗುವುದು, ಆದರೆ ಸೆಲ್ಲೂ ಬಲ್ಬೂ ಬಹುಕಾಲ ಬಾಳುವುವು. ಮೂರು ಸೆಲ್ಲಿನದಕ್ಕೆ 2.5 ವೋಲ್ಟಿನದನ್ನು ತಿರುಗಿಸಿದರೆ ಕೆಲವೇ ಗಂಟೆಗಳ ಅದ್ಭುತವಾದ ಶುಭ್ರಕಾಂತಿ, ಬಳಿಕ ಶಾಶ್ವತವಾದ ಕತ್ತಲು. ರೇಷ್ಮೆಹುಳುವಿನ ಮನೆಗೆ ಬೇಕೋ, ಗದ್ದೆಗೆ ನೀರು ಕಟ್ಟುವವನಿಗೆ ಬೇಕೋ ಎಂದು ಕೇಳಿ ಬಲ್ಬು ಕೊಡುತ್ತಿದ್ದ ಅಂಗಡಿಯವನು, ಸರ್ಕೀಟಿನ ಹೆಸರನ್ನೇ ಕೇಳದಿದ್ದರೂ, ಗಿರಾಕಿಗೆ ತಕ್ಕಂತೆ ದೀಪವನ್ನು ಅಳವಡಿಸುತ್ತಿದ್ದನು. ಕೀಲಿ ಕಣ್ಮರೆಯಾಗಿದ್ದ ಆ ದಶಕಗಳಲ್ಲಿ ಅದರ ಕೆಲಸ ಅಂಗಡಿಯ ಗಾಜಿನ ಭರಣಿಗಳಲ್ಲಿ ವಿಂಗಡವಾಗಿ ಕುಳಿತಿತ್ತು.

ಈ ಸ್ವಾತಂತ್ರ್ಯ ಸಾಧ್ಯವಾದುದು ಟಂಗ್‌ಸ್ಟನ್ ತಂತುವಿನ ಒಂದು ಸದ್ಗುಣದಿಂದ. ತಂಪಾಗಿರುವಾಗ ಅದರ ವಿದ್ಯುದ್ರೋಧ ಕಾದಾಗಿನದರ ಸುಮಾರು ಹತ್ತನೆಯ ಒಂದು ಪಾಲು. ಪ್ರವಾಹ ಹೆಚ್ಚಿದಂತೆ ಕಾಯುವುದು, ಕಾದಂತೆ ರೋಧ ಹೆಚ್ಚಿ ಪ್ರವಾಹವನ್ನು ತಾನೇ ತಡೆಯುವುದು. ತನ್ನನ್ನು ತಾನು ನಿಯಮಿಸಿಕೊಳ್ಳಬಲ್ಲ ವಸ್ತುವಿಗೆ ಹೊರಗಿನ ನಿಯಾಮಕನ ಅಗತ್ಯವಿಲ್ಲವಾದ್ದರಿಂದ ಕೋಶ, ಗುಂಡಿ, ಬಲ್ಬು ಈ ಮೂರರಿಂದಲೇ ಟಾರ್ಚು ಪೂರ್ಣವಾಗುತ್ತಿತ್ತು. ಅರುವತ್ತು ಎಪ್ಪತ್ತು ವರ್ಷಗಳ ಕಾಲ ಅದರ ರಚನೆ ಹೆಚ್ಚೇನೂ ಬದಲಾಗದಿದ್ದುದಕ್ಕೆ ತಯಾರಕರ ಸೋಮಾರಿತನಕ್ಕಿಂತ ಇದು ಪ್ರಬಲವಾದ ಕಾರಣ.

ಈ ಮಧ್ಯೆ ನಗರ ವಿದ್ಯುತ್ತಿನ ವಿದ್ಯೆಯನ್ನು ಕಲಿಯುತ್ತಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿ ಭೌತಶಾಸ್ತ್ರವನ್ನು ಕನ್ನಡದಲ್ಲಿ ಆಡಿಸತೊಡಗಿದರು. ಅದು ದೀರ್ಘಕಾಲ ಬಾಳದಿದ್ದರೂ ವಿದ್ಯುತ್ತಿನಂಥ ವಿಷಯವನ್ನು ಮನೆಮಾತಿನಲ್ಲಿ ಹೇಳಬಹುದೆಂಬ ಧೈರ್ಯವನ್ನು ಉಳಿಸಿಹೋಯಿತು. ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿದ್ಯುತ್ತಂತ್ರದ ಶಿಕ್ಷಣ 1911ರಿಂದಲೇ ನಡೆಯುತ್ತಿತ್ತು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಉಪನ್ಯಾಸಗಳ ಪರಂಪರೆಯನ್ನೇ ನಡೆಸಿದರು. ಇವು ಪ್ರಸಿದ್ಧವಾದುವು. ಇವುಗಳಿಗಿಂತ ಕೆಳದನಿಯ ಒಂದು ಪಾಠಶಾಲೆ ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿತ್ತು. ಮೆಟ್ಟಿಲುಗಳ ಬದಿಗೆ ರಾಗಿ ಮೊಳಕೆಯ ಉದ್ಯಾನ, ಕನ್ನಡಿಯ ಕೊಳ, ಕಾಗದದ ಬೆಟ್ಟ. ಬೆಟ್ಟದ ಗುಡಿಯೊಳಗೆ ಟಾರ್ಚಿನ ಬಲ್ಬು, ಗೊಂಬೆಗಳ ಹಿಂದೆ ಅಡಗಿಸಿದ ಎರಡು ಸೆಲ್ಲು. ಬಲ್ಬುಗಳನ್ನು ಸಾಲಾಗಿ ಜೋಡಿಸಿದರೆ ಮಂಕಾಗುವುದೂ, ಸಮಾಂತರವಾಗಿ ಜೋಡಿಸಿದರೆ ಸೆಲ್ಲು ಬೇಗ ಸಾಯುವುದೂ ಬಸವನಗುಡಿ ಮಲ್ಲೇಶ್ವರಗಳ ಎಷ್ಟೋ ಹುಡುಗರಿಗೆ ಪಠ್ಯಪುಸ್ತಕಕ್ಕಿಂತ ಮುಂಚಿತವಾಗಿ ಗೊತ್ತಾದುದು ಹೀಗೆ. ರಾಮೋತ್ಸವ, ಗಣೇಶೋತ್ಸವಗಳ ಚಪ್ಪರಗಳಲ್ಲಿ ಕಟ್ಟುವ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಸುಟ್ಟರೆ ಸಾಲೆಲ್ಲ ಕತ್ತಲಾಗುವ ದುರಂತವೂ ಅವರಿಗೆ ಪರಿಚಿತ. ಸುಟ್ಟ ಬಲ್ಬನ್ನು ಹುಡುಕುವ ತಾಳ್ಮೆ ಆ ತಲೆಮಾರಿನ ತಾಂತ್ರಿಕ ಶಿಕ್ಷಣದ ಮೊದಲನೆಯ ಅಧ್ಯಾಯ.

ಕಾರ್ಖಾನೆಗಳ ವಿಷಯವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1936ರಲ್ಲಿ, ಮಲ್ಲೇಶ್ವರದ ಅಂಚಿನಲ್ಲಿ ಹಳೆಯ ತುಮಕೂರು ರಸ್ತೆಯ ಮೇಲೆ ಮೈಸೂರು ಲ್ಯಾಂಪ್ ವರ್ಕ್ಸ್ ಸ್ಥಾಪಿತವಾಗಿ ದಶಕಗಳ ಕಾಲ ಮನೆಮನೆಗೂ ಬುರುಡೆ ದೀಪಗಳನ್ನು ಒದಗಿಸಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಜಾಲಹಳ್ಳಿಯಲ್ಲಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಆರಂಭವಾಗಿ, ಮುಂದಿನ ದಶಕದಲ್ಲಿ ಟ್ರಾನ್ಸಿಸ್ಟರುಗಳನ್ನು ತಯಾರಿಸಿತು. 1974ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ವಿಜ್ಞಾನ ಮಂದಿರದಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ವಿನ್ಯಾಸವನ್ನೇ ಕಲಿಸುವ ಕೇಂದ್ರವೊಂದು ತೆರೆಯಿತು. ಸರ್ಕೀಟನ್ನು ಬರೆಯುವುದು ಒಂದು ವಿದ್ಯೆ, ಅದು ಕೈಗೆ ಒಗ್ಗುವ ವಸ್ತುವಾಗುವುದು ಇನ್ನೊಂದು ವಿದ್ಯೆ ಎಂಬ ಅರಿವು ಅಲ್ಲಿ ಪಠ್ಯಕ್ರಮವಾಯಿತು. ಇವೆಲ್ಲದರ ಪ್ರವಾಹದ ತಗ್ಗಿನಲ್ಲಿ, ಮಾರುಕಟ್ಟೆಗೂ ನಗರ್ತಪೇಟೆಗೂ ಹತ್ತಿರವಾಗಿ, ಧರ್ಮರಾಯನ ಗುಡಿಯಿಂದ ಅನತಿದೂರದಲ್ಲಿ ಇರುವುದು ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡು. ಕಬ್ಬಿಣ, ಯಂತ್ರದ ಬಿಡಿಭಾಗ, ಗುಜರಿಗಳಿಂದ ಬೆಳೆದ ಆ ಬೀದಿ ರೇಡಿಯೋ ಭಾಗಗಳನ್ನೂ, ಟ್ರಾನ್ಸಿಸ್ಟರುಗಳನ್ನೂ, ಕೊನೆಗೆ ಕಂಪ್ಯೂಟರುಗಳನ್ನೂ ಒಳಗೊಂಡಿತು. ಎಸ್ಎಲ್100 ಟ್ರಾನ್ಸಿಸ್ಟರು ಎಂದರೆ ಕಣ್ಣೆತ್ತಿ ನೋಡದೆ ಡಬ್ಬಿಗೆ ಕೈಹಾಕುವ ಅಂಗಡಿಯವರು ಅಲ್ಲಿ ಇದ್ದರು. ಮೊದಮೊದಲು ಚಿಕ್ಕ ಕೆಂಪು ಎಲ್‌ಇಡಿ ಅಲ್ಲಿ ಬಿಡಿಯಾಗಿ ಸಿಕ್ಕುತ್ತಿದ್ದುದು ಸೂಚಕದೀಪವೆಂದೇ ಹೊರತು ದಾರಿ ತೋರುವ ದೀಪವೆಂದಲ್ಲ.

ಬಿಳಿಯ ಬೆಳಕಿಗೆ ನೀಲಿ ಬೇಕಾಗಿತ್ತು. ಜಪಾನಿನ ನಿಚಿಯಾ ಕಂಪೆನಿಯಲ್ಲಿದ್ದ ಷುಜಿ ನಾಕಾಮುರಾ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಪ್ರಕಟಪಡಿಸಿದನು. ನೀಲಿಯ ಮೇಲೆ ಹಳದಿ ಬೆಳಕನ್ನು ಸೂಸುವ ಫಾಸ್ಫರನ್ನು ಲೇಪಿಸಿ ಬಿಳಿಯನ್ನು ಪಡೆದುದು 1996ರಲ್ಲಿ. ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ ನೊಬೆಲ್ ಸಂದದ್ದು 2014ರಲ್ಲಿ. ಈ ಶತಮಾನದ ಮೊದಲ ದಶಕದಲ್ಲಿ ಮೆಜೆಸ್ಟಿಕ್ಕಿನ ಮತ್ತು ಮಾರುಕಟ್ಟೆಯ ಕಾಲುದಾರಿಗಳ ಮೇಲೆ ಚೀನಾದ ಅಗ್ಗದ ಎಲ್‌ಇಡಿ ಟಾರ್ಚುಗಳು ಗುಡ್ಡೆಬಿದ್ದುವು. ಅವುಗಳಲ್ಲಿ ಹಲವನ್ನು ಬಿಚ್ಚಿದರೆ ಒಳಗೆ ನಿಯಾಮಕವೇ ಇಲ್ಲ. ಸಣ್ಣ ಸೆಲ್ಲುಗಳ ಆಂತರಿಕ ರೋಧವನ್ನೇ ನಂಬಿ, ಅಥವಾ ಕಾಸಿನ ಬೆಲೆಯ ಒಂದು ರೆಸಿಸ್ಟರನ್ನು ಅಡ್ಡ ಹಾಕಿ, ಎಲ್‌ಇಡಿಗಳನ್ನು ನೇರವಾಗಿ ಕೋಶಕ್ಕೆ ಕಟ್ಟಿಬಿಟ್ಟಿರುವರು. ಗೋಡೆಯ ಪ್ಲಗ್ಗಿಗೆ ಚುಚ್ಚಿ ಚಾರ್ಜು ಮಾಡುವ 4 ವೋಲ್ಟಿನ ಸೀಸದ ಬ್ಯಾಟರಿಯ ಟಾರ್ಚುಗಳೂ ಇದೇ ಸಂಸ್ಕೃತಿಯವು. ಒಂದು ವರ್ಷದಲ್ಲಿ ಕಸವಾಗುವಂತೆಯೇ ಅವುಗಳನ್ನು ನಿರ್ಮಿಸಿದ್ದಾರೆಂದು ನನಗೆ ಅನ್ನಿಸುತ್ತದೆ.

ಎಲ್‌ಇಡಿಯ ಸ್ವಭಾವ ಟಂಗ್‌ಸ್ಟನ್ನಿನದಕ್ಕೆ ತದ್ವಿರುದ್ಧ. ಬಿಳಿಯ ಎಲ್‌ಇಡಿಗೆ ಸುಮಾರು 3 ವೋಲ್ಟು ಬೇಕು. ಅದಕ್ಕಿಂತ ಬಹಳ ಕಡಮೆಯಾದರೆ ಅದು ಹೊತ್ತುವುದೇ ಇಲ್ಲ, ಒಂದೆರಡು ಹತ್ತನೆಯ ಅಂಶ ಹೆಚ್ಚಾದರೆ ಪ್ರವಾಹ ಹಲವು ಮಡಿ ಏರುವುದು. ಕಾದಾಗ ಅದರ ವೋಲ್ಟೇಜಿನ ಬೇಡಿಕೆ ಇನ್ನೂ ತಗ್ಗುವುದರಿಂದ, ಕಾದಷ್ಟೂ ಪ್ರವಾಹ ಹೆಚ್ಚಿ, ಹೆಚ್ಚಿದಷ್ಟೂ ಕಾದು, ತಾನೇ ತನ್ನ ನಾಶಕ್ಕೆ ಕಾರಣವಾಗಬಲ್ಲುದು. ಆತ್ಮಸಂಯಮವಿಲ್ಲದ ಈ ಮಹಾಪ್ರತಿಭೆಗೆ ಒಬ್ಬ ಪಾಲಕ ಅನಿವಾರ್ಯ: ವೋಲ್ಟೇಜು ಏನೇ ಆದರೂ ಪ್ರವಾಹ ಇಷ್ಟೇ ಇರತಕ್ಕದ್ದೆಂದು ಕಟ್ಟುನಿಟ್ಟು ಮಾಡುವ ಮಂಡಲ. ಅದಕ್ಕೆ ಕಸುಬಿನವರು ಹೇಳುವ ಹೆಸರು ಡ್ರೈವರ್. ಕೋಶದ ವೋಲ್ಟೇಜು ಎಲ್‌ಇಡಿಯದಕ್ಕಿಂತ ಬಹಳ ಹೆಚ್ಚಿದ್ದರೆ ತಂತಿಸುರುಳಿಯ ನೆರವಿನಿಂದ ಅದನ್ನು ಇಳಿಸುವ ಬಕ್ ಬಗೆಯದು. ಎರಡು ಹಳೆಯ ಸೆಲ್ಲುಗಳ ಕುಗ್ಗುತ್ತಿರುವ ವೋಲ್ಟೇಜಿನಿಂದ ಬೆಳಗಿಸಬೇಕಾದರೆ ಏರಿಸುವ ಬೂಸ್ಟ್ ಬಗೆಯದು. ಕೋಶದ ಮತ್ತು ಎಲ್‌ಇಡಿಯ ವೋಲ್ಟೇಜುಗಳು ಹತ್ತಿರ ಹತ್ತಿರವಿದ್ದರೆ ಸುರುಳಿಯ ಗೊಡವೆಯಿಲ್ಲದೆ ಹೆಚ್ಚಿನದನ್ನು ಶಾಖವಾಗಿ ಕಳೆಯುವ ಲೀನಿಯರ್ ಬಗೆಯದು.

ಹವ್ಯಾಸಿಗಳ ಕೈಗೆ ಒಲಿದುದು ಈ ಮೂರನೆಯದು. ಲ್ಯಾಪ್‌ಟಾಪುಗಳ ಮೂಲಕ ಲೋಕಪ್ರಸಿದ್ಧವಾದ 18650 ಲಿಥಿಯಂ ಕೋಶ, ಅಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ್ದು, ತುಂಬಿದಾಗ 4.2 ವೋಲ್ಟು, ಬರಿದಾಗುವಾಗ ಸುಮಾರು 3 ವೋಲ್ಟು ಕೊಡುವುದರಿಂದ ಒಂದು ಎಲ್‌ಇಡಿಗೆ ಹೇಳಿಮಾಡಿಸಿದ ಜೋಡಿ. ಎಎಂಸಿ7135 ಎಂಬ ಮೂರು ಕಾಲಿನ ಚಿಪ್ಪು 350 ಮಿಲಿಆಂಪಿಯರನ್ನು ಮಾತ್ರ ಹರಿಯಗೊಡುತ್ತದೆ. ಎರಡನ್ನು ಅಕ್ಕಪಕ್ಕ ಬೆಸೆದರೆ 700, ಎಂಟನ್ನು ಬೆಸೆದರೆ 2.8 ಆಂಪಿಯರು. ಹೊಸದಾಗಿ ತುಂಬಿದ ಕೋಶಕ್ಕೂ ಎಲ್‌ಇಡಿಗೂ ನಡುವೆ 1 ವೋಲ್ಟಿನ ವ್ಯತ್ಯಾಸವಿದೆಯೆಂದು ಇಟ್ಟುಕೊಂಡರೆ ಒಂದೊಂದು ಚಿಪ್ಪೂ 0.35 ವ್ಯಾಟಿನಷ್ಟು ಕಾಯುವುದು. ಎಂಟರದು ಸೇರಿದರೆ ಬೆರಳಿಗೆ ತಿಳಿಯುವಷ್ಟಾಗುವುದು. ನಾಂಜ್ 105ಸಿ ಎಂಬ, 17 ಮಿಲಿಮೀಟರ್ ವ್ಯಾಸದ ಚೀನೀ ಹಲಗೆಯ ಎರಡು ಮುಖಗಳಲ್ಲಿ ಇಂತಹ ಎಂಟು ಚಿಪ್ಪುಗಳೂ ಅವುಗಳನ್ನು ಆಳುವ ಎಟಿಟೈನಿ13 ಎಂಬ ಎಂಟು ಕಾಲಿನ ಗಣಕವೂ ಕುಳಿತಿರುವುವು. ಆ ಗಣಕದ ಸ್ಮೃತಿಯಲ್ಲಿ ಕ್ರಮವಿಧಿಗೆ ಇರುವ ಸ್ಥಳ 1024 ಬೈಟುಗಳು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಮೂರು ಬೈಟು ತಗಲುವುದರಿಂದ ಈ ಒಂದು ಕಂಡಿಕೆ ಅದರೊಳಗೆ ಹಿಡಿಸದು.

ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಲಾಂದ್ರದ ಕೀಲಿ ಮತ್ತೆ ಹುಟ್ಟಿತು. ಗಣಕವು ಚಿಪ್ಪುಗಳನ್ನು ಕ್ಷಣಕ್ಕೆ ಸಾವಿರಾರು ಸಲ ತೆರೆದು ಮುಚ್ಚುತ್ತದೆ. ತೆರೆದಿರುವ ಕಾಲದ ಪಾಲು ನೂರರಲ್ಲಿ ಐದಾದರೆ ಬೆಳಕು ಮಂದ, ಐವತ್ತಾದರೆ ಮಧ್ಯಮ, ನೂರಾದರೆ ಪೂರ್ಣ. ಈ ಮಿಣುಕಾಟ ತಕ್ಕಷ್ಟು ಶೀಘ್ರವಾಗಿದ್ದರೆ ಕಣ್ಣು ಅದನ್ನು ಅರಿಯದು. ಅಗ್ಗದ ಟಾರ್ಚುಗಳಲ್ಲಿ ಅದು ನಿಧಾನವಾಗಿದ್ದು, ಬೀಳುವ ಮಳೆಹನಿಗಳ ಮೇಲೆ ಬೆಳಕು ಬಿಟ್ಟಾಗ ಧಾರೆ ಚುಕ್ಕಿಚುಕ್ಕಿಯಾಗಿ ಕಾಣುವುದರಿಂದ ಅದರ ಬಣ್ಣ ಬಯಲಾಗುತ್ತದೆ. ಟಾರ್ಚಿನ ಬಾಲದ ಗುಂಡಿಯನ್ನು ಒತ್ತಿದಾಗ ಗಣಕಕ್ಕೇ ವಿದ್ಯುತ್ತು ತಪ್ಪುವುದಷ್ಟೆ. ಮರಳಿ ಬಂದಾಗ ತನ್ನನ್ನು ಆರಿಸಿಟ್ಟು ಹೊತ್ತಿಸಿದರೋ, ಬೇರೆ ಪ್ರಮಾಣ ಬೇಕೆಂದು ತಟ್ಟಿದರೋ ಎಂದು ಅದು ತಿಳಿಯುವ ಬಗೆ ಹೇಗೆ? ಹೊತ್ತಿದೊಡನೆ ಅಳಿಯದ ಸ್ಮೃತಿಯಲ್ಲಿ ಒಂದು ಗುರುತನ್ನು ಬರೆದುಕೊಂಡು, ತುಸು ಕಾಲ ಕಳೆದ ಮೇಲೆ ಅದನ್ನು ಅಳಿಸುವುದು ಒಂದು ವಿಧಾನ: ಅಳಿಸುವ ಮೊದಲೇ ವಿದ್ಯುತ್ತು ತಪ್ಪಿ ಬಂದಿದ್ದರೆ ಯಜಮಾನನು ತಟ್ಟಿದನೆಂದೇ ಅರ್ಥ. ಪುಟ್ಟ ಕೆಪಾಸಿಟರೊಂದರಲ್ಲಿ ಉಳಿದ ಚಾರ್ಜನ್ನು ಅಳೆದು, ಕತ್ತಲಲ್ಲಿ ಎಷ್ಟು ಹೊತ್ತು ಕಳೆಯಿತೆಂದು ಊಹಿಸುವುದು ಅದಕ್ಕಿಂತ ನಾಜೂಕಾದ ಇನ್ನೊಂದು. ಹಲಗೆಯ ಅಂಚಿನಲ್ಲಿ ನಕ್ಷತ್ರಾಕಾರದ ನಾಲ್ಕು ತಾಮ್ರದ ಚುಕ್ಕೆಗಳಿವೆ. ಅವುಗಳಲ್ಲಿ ಒಂದನ್ನು ಸೀಸದ ತೊಟ್ಟಿನಿಂದ ಹೊರಬಳೆಗೆ ಬೆಸೆದರೆ, ಹೊತ್ತುವಾಗ ಗಣಕವು ಅದನ್ನು ಓದಿ, ಮೂರು ಪ್ರಮಾಣಗಳ ಬದಲು ಎರಡು, ಅಥವಾ ಮಿನುಗು ಬೇಡ ಎಂಬಂಥ ಬೇರೆ ಏರ್ಪಾಟನ್ನು ಅನುಸರಿಸುವುದು. ಇದರಿಂದಲೂ ತೃಪ್ತರಾಗದವರು ಚಿಪ್ಪಿನ ಕಾಲುಗಳಿಗೆ ಕ್ಲಿಪ್ಪು ಕಚ್ಚಿಸಿ ಕಂಪ್ಯೂಟರಿನಿಂದ ಹೊಸ ಕ್ರಮವಿಧಿಯನ್ನೇ ಬರೆಯುವರು. ಆಂಡುರಿಲ್ ಮುಂತಾದ ಮುಕ್ತ ಕ್ರಮವಿಧಿಗಳು ಬಂದ ಮೇಲೆ, ಗುಂಡಿಯನ್ನು ಒತ್ತಿ ಹಿಡಿದಷ್ಟು ಕಾಲ ಬೆಳಕು ಎಡೆಬಿಡದೆ ಏರಿ, ಬಿಟ್ಟಲ್ಲಿ ನಿಲ್ಲುವ ಸೌಲಭ್ಯವೂ ಕೂಡಿತು. ಬತ್ತಿಯ ಕೀಲಿ ತಿರುಗಿಸಿದವರಿಗೆ ಅದು ಹೊಸದೆನಿಸದು.

ಹಳೆಯ ಬಡಾವಣೆಗಳ ಕಸುಬುಗಳಿಗೆ ಇದರಿಂದ ಏನು ಪ್ರಯೋಜನವೆಂದು ಕೇಳುವವರುಂಟು. ನಗರ್ತಪೇಟೆಯ ಅಕ್ಕಸಾಲಿಗನಿಗೆ ಬೇಕಾದುದು ದೂರಕ್ಕೆ ಹಾಯುವ ಬೆಳಕಲ್ಲ, ಕೆಂಪುಕಲ್ಲಿನ ಕೆಂಪನ್ನು ಕೆಡಿಸದ ಬೆಳಕು. ಚಿಕ್ಕಪೇಟೆಯ ಸೀರೆಯಂಗಡಿಯಲ್ಲಿ ಆರಿಸಿದ ರೇಷ್ಮೆಯನ್ನು ಬಾಗಿಲಿಗೆ ತಂದು ಹಗಲಿನಲ್ಲಿ ಬಣ್ಣ ನೋಡುವ ಪದ್ಧತಿ ನಮ್ಮ ಹೆಂಗಸರಿಗೆ ಅಜ್ಜಿಯರ ಕಾಲದಿಂದ ಬಂದದ್ದು; ಬಣ್ಣಗಳನ್ನು ಯಥಾವತ್ತಾಗಿ ತೋರುವ, ನೂರಕ್ಕೆ ತೊಂಬತ್ತಕ್ಕೂ ಮೀರಿದ ವರ್ಣಸೂಚ್ಯಂಕದ ಎಲ್‌ಇಡಿಗಳನ್ನು ಮಿತವಾದ ಪ್ರವಾಹದಲ್ಲಿ ಬೆಳಗಿಸಿದರೆ ಕತ್ತಲಾದ ಮೇಲೂ ಬಹುಮಟ್ಟಿಗೆ ಅದೇ ಪರೀಕ್ಷೆ ಸಾಧ್ಯ. ಮನೆಯ ತೋಟಕ್ಕೆ ಬಂದ ಹಾವನ್ನು ಹಿಡಿಯುವವರಿಗೆ ಒಮ್ಮೆ ಪೊದೆಯ ಒಳಹೊಗುವ ಪ್ರಖರತೆ, ಮರುಕ್ಷಣ ಪ್ರಾಣಿಯನ್ನು ಬೆದರಿಸದ ಮಂದತೆ ಎರಡೂ ಬೇಕು. ರಾತ್ರಿ ಏಳುವ ವೃದ್ಧರಿಗೆ ಒಂದು ಲ್ಯೂಮೆನ್ನಿಗೂ ಕಡಮೆಯಾದ ಬೆಳಕು ಸಾಕು. ಆ ಪ್ರಮಾಣದಲ್ಲಿ ಒಂದೇ ಕೋಶ ವಾರಗಟ್ಟಲೆ ಬಾಳುವುದು. ಆದೊಡೆ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಸಾವಿರ, ಹತ್ತುಸಾವಿರ ಲ್ಯೂಮೆನ್ನುಗಳ ಬಡಾಯಿ. ಆ ಪ್ರಖರತೆ ಶಾಖದ ಕಾರಣದಿಂದ ಒಂದೆರಡು ನಿಮಿಷಗಳಲ್ಲಿ ತಾನಾಗಿ ಇಳಿಯುವುದೆಂಬುದನ್ನು ಸಣ್ಣ ಅಕ್ಷರದಲ್ಲಿಯಾದರೂ ಹಾಕುವ ಸೌಜನ್ಯ ಎಲ್ಲ ತಯಾರಕರಿಗೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಡ್ರೈವರಿನ ಯೋಗ್ಯತೆಯನ್ನು ಅಳೆಯಬೇಕಾದುದು ಅದರ ಅತ್ಯಂತ ಕೆಳಗಿನ ಮೆಟ್ಟಿಲಿನಿಂದ.

ಗುಜರಿಯಲ್ಲಿ ಈಗಲೂ ಸಿಕ್ಕುವ ಹಿತ್ತಾಳೆಯ ಹಳೆಯ ಮೈಗಳಿಗೆ ಹೊಸ ಒಳಾಂಗಗಳನ್ನು ಕೂರಿಸುವ ಹವ್ಯಾಸ ಈ ಕಸುಬಿನ ಇತ್ತೀಚಿನ ಕವಲು. ದೊಡ್ಡ ಸೆಲ್ಲಿನ ವ್ಯಾಸ ಸುಮಾರು 34 ಮಿಲಿಮೀಟರ್ ಆದ್ದರಿಂದ 18650 ಕೋಶವನ್ನು ನಲ್ಲಿಯ ಪಿವಿಸಿ ಕೊಳವೆಯ ತುಂಡಿನೊಳಗೆ ತೂರಿಸಿ ಮಧ್ಯಕ್ಕೆ ನಿಲ್ಲಿಸಬೇಕು. ಎರಡು ಸೆಲ್ಲಿನ ಮೈಯಲ್ಲಿ ಉಳಿಯುವ ಉದ್ದಕ್ಕೆ ಅಲ್ಯೂಮಿನಿಯಮ್ಮಿನ ಒಂದು ಗಟ್ಟಿತುಂಡು ಬೇಕು. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ, ರಕ್ಷಣಾ ಮಂಡಲವಿಲ್ಲದ ಕೋಶಗಳನ್ನು ಬಳಸುವ ಚಪಲ ಅಪಾಯಕರ; 3 ವೋಲ್ಟಿಗೆ ಇಳಿದಾಗ ಬೆಳಕನ್ನು ತಗ್ಗಿಸಿ ಎಚ್ಚರಿಸುವ ವಿಧಿ ಡ್ರೈವರಿನಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಹಿತ್ತಾಳೆಯು ಅಲ್ಯೂಮಿನಿಯಮ್ಮಿನಷ್ಟು ಚೆನ್ನಾಗಿ ಶಾಖವನ್ನು ಒಯ್ಯದು. ಪ್ರತಿಫಲಕದ ಹಿಂದಿನ ತೆಳುತಗಡಂತೂ ಇನ್ನೂ ಅಶಕ್ತ. ಆದಕಾರಣ ಎಂಟು ಚಿಪ್ಪಿನ ಹಲಗೆಯಿಂದ ಐದನ್ನು ಕಿತ್ತು, ಮೂರನ್ನು ಉಳಿಸಿ, 1050 ಮಿಲಿಆಂಪಿಯರಿಗೆ ನಿಲ್ಲಿಸುವುದು ಇಂತಹ ಮೈಗಳಿಗೆ ಹಿತ. ಕಿತ್ತ ಐದು ಚಿಪ್ಪುಗಳು ಇನ್ನೊಂದು ಟಾರ್ಚಿಗೆ ಆಗುವುವು.